ನಿಲ್ಲಿಸಿದ ಮೋಟಾರುಸೈಕಲ್ಲೂ ಸನ್ನೆಯ ನಿಯಮವೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳ ಕಡೆ ಬೆಳಗಿನ ಹೊತ್ತು ಹೋದವರಿಗೆ ಒಂದು ನೋಟ ಪರಿಚಿತವಾಗಿರುವುದು. ಹಳ್ಳಿಯ ದಾರಿ ಡಾಂಬರು ರಸ್ತೆಯನ್ನು ಕೂಡುವ ಸ್ಥಳದಲ್ಲಿ, ಬೇವಿನ ಮರದ ನೆರಳಿನಲ್ಲಿ, ಮೋಟಾರುಸೈಕಲ್ಲುಗಳು ಸಾಲಾಗಿ ನಿಂತಿರುವುವು. ಅವುಗಳ ಒಡೆಯರು ಬಸ್ಸು ಹಿಡಿದು ಕಲಬುರಗಿಯ ಕಾಲೇಜಿಗೋ, ಕಚೇರಿಗೋ, ತೊಗರಿಯ ಪೇಟೆಗೋ ಹೋಗಿರುವರು. ಸಂಜೆ ಅವರು ಮರಳುವವರೆಗೆ ಆ ವಾಹನಗಳಿಗೆ ಮರವೊಂದೇ ಕಾವಲು.

ನಮ್ಮ ವಿದ್ಯಾರ್ಥಿಯೊಬ್ಬನ ವಾಹನವು ಇಂತಹ ಸಾಲಿನಿಂದಲೇ ಕಳುವಾಯಿತು. ತೊಗರಿಯ ರಾಶಿಯಾದ ಮೇಲೆ ಕೈಗೆ ಬಂದ ಹಣದಲ್ಲಿ ಒಂದು ಪಾಲು ಕೊಟ್ಟು, ಉಳಿದುದಕ್ಕೆ ಸಾಲ ಮಾಡಿ, ಅವನ ತಂದೆ ಅದನ್ನು ಕೊಡಿಸಿದ್ದರು. ವಾಹನ ಹೋಯಿತು, ಸಾಲದ ಕಂತು ಉಳಿಯಿತು. ಮರುದಿನ ಅವನು ನಮ್ಮೆದುರು ನಿಂತು ಕೇಳಿದ ಪ್ರಶ್ನೆ ಒಂದೇ: “ಹ್ಯಾಂಡಲ್ ಲಾಕ್ ಹಾಕಿದ್ನಿರಿ ಸರ್. ಆದ್ರೂ ಹ್ಯಾಂಗ ಹೋತ್ರಿ?”

ಇದು ದುಃಖದ ಪ್ರಶ್ನೆ. ಆದರೆ ಭೌತಶಾಸ್ತ್ರದ ಪ್ರಶ್ನೆಯೂ ಅಹುದು. ಇದಕ್ಕೆ ಉತ್ತರವನ್ನು ಅರಿತರೆ, ಕಡಿಮೆ ಖರ್ಚಿನಲ್ಲಿ ವಾಹನವನ್ನು ಕಾಪಾಡಿಕೊಳ್ಳುವ ಮಾರ್ಗವೂ ತಾನಾಗಿಯೇ ಹೊಳೆಯುವುದು.

ಹ್ಯಾಂಡಲಿನ ಬೀಗ

ಹ್ಯಾಂಡಲನ್ನು ಒಂದು ಪಕ್ಕಕ್ಕೆ ತಿರುಗಿಸಿ ಕೀಲಿಕೈ ಹಾಕಿದಾಗ, ಒಳಗಿನ ಚಿಕ್ಕ ಉಕ್ಕಿನ ಗೂಟವೊಂದು ಹೊರಬಂದು ಹ್ಯಾಂಡಲು ತಿರುಗದಂತೆ ತಡೆಯುವುದು. ಈ ಗೂಟವು ಹ್ಯಾಂಡಲು ತಿರುಗುವ ಅಕ್ಷಕ್ಕೆ ಬಹು ಸಮೀಪದಲ್ಲಿ, ಸುಮಾರು 3 ಸೆಂಟಿಮೀಟರು ದೂರದಲ್ಲಿ ಇರುವುದು. ಹ್ಯಾಂಡಲಿನ ತುದಿಯಾದರೋ ಅದೇ ಅಕ್ಷದಿಂದ ಸುಮಾರು 35 ಸೆಂಟಿಮೀಟರು ದೂರದಲ್ಲಿದೆ. ಬಾವಿಯ ಬಳಿಯ ಬಂಡೆಯನ್ನು ಹಾರೆಯಿಂದ ಮೀಟುವಾಗ ನಡೆಯುವುದೇ ಇಲ್ಲಿಯೂ ನಡೆಯುವುದು. ಉದ್ದದ ತೋಳಿನ ಮೇಲೆ ಬಿದ್ದ ಬಲವು ಗಿಡ್ಡ ತೋಳಿನಲ್ಲಿ ಸುಮಾರು ಹನ್ನೆರಡರಷ್ಟಾಗುವುದು. ತುದಿಯ ಮೇಲೆ 50 ಕಿಲೋಗ್ರಾಂ ತೂಕದಷ್ಟು ಬಲ ಬಿದ್ದರೆ ಗೂಟದ ಮೇಲೆ ಸುಮಾರು 600 ಕಿಲೋಗ್ರಾಂ ತೂಕದಷ್ಟು ಬಲ ಬೀಳುವುದು. ಅಷ್ಟನ್ನು ತಾಳುವಂತೆ ಅದನ್ನು ಮಾಡಿರುವುದಿಲ್ಲ.

ಹಾಗೆಂದು ಈ ಬೀಗವು ವ್ಯರ್ಥವೆಂದು ತಿಳಿಯಬಾರದು. ಹಾದಿಯಲ್ಲಿ ಹೋಗುತ್ತ ಅವಕಾಶ ಹುಡುಕುವವನನ್ನು ಅದು ತಡೆಯುವುದು. ಆದರೆ ಸಿದ್ಧನಾಗಿಯೇ ಬಂದವನಿಗೆ ಅದು ಕೆಲವು ಕ್ಷಣಗಳ ಕೆಲಸ. ಬೀಗವು ಕಳ್ಳತನವನ್ನು ಅಸಾಧ್ಯಗೊಳಿಸುವುದಿಲ್ಲ. ಕಳ್ಳನ ಸಮಯವನ್ನು ತಿನ್ನುವುದು ಮಾತ್ರ. ನಮ್ಮ ಎಲ್ಲ ಉಪಾಯಗಳನ್ನೂ ಈ ಒಂದೇ ಅಳತೆಗೋಲಿನಿಂದ ಅಳೆಯತಕ್ಕದ್ದು.

ಸರಪಳಿಯ ದಪ್ಪ ಎಷ್ಟಿರಬೇಕು?

ಎರಡನೆಯ ಕಾವಲೆಂದರೆ ಸರಪಳಿ. ಅಂಗಡಿಯಲ್ಲಿ ತೆಳುವಾದ ಸರಪಳಿಯೂ ದೊರೆಯುವುದು, ದಪ್ಪನಾದುದೂ ದೊರೆಯುವುದು. ಬೆಲೆಯ ಅಂತರ ಕೆಲವು ನೂರು ರೂಪಾಯಿ. ಬಲದ ಅಂತರ ಎಷ್ಟು?

ಸಾಮಾನ್ಯ ಮೆದು ಉಕ್ಕನ್ನು ಕತ್ತರಿಸಲು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 30 ಕಿಲೋಗ್ರಾಂ ತೂಕದಷ್ಟು ಬಲ ಬೇಕು. 6 ಮಿಲಿಮೀಟರು ದಪ್ಪದ ಕೊಂಡಿಯ ಅಡ್ಡಕೊಯ್ತದ ಕ್ಷೇತ್ರಫಲ ಸುಮಾರು 28 ಚದರ ಮಿಲಿಮೀಟರು. ಆದುದರಿಂದ ಅದನ್ನು ಕತ್ತರಿಸಲು ಸುಮಾರು 850 ಕಿಲೋಗ್ರಾಂ ಬಲ ಸಾಕು. ಇದು ದೊಡ್ಡ ಸಂಖ್ಯೆಯಂತೆ ಕಾಣುವುದು. ಆದರೆ ಕಬ್ಬಿಣ ಕತ್ತರಿಸುವ ದೊಡ್ಡ ಕತ್ತರಿಯಲ್ಲಿ ಒಂದರ ಹಿಂದೆ ಒಂದರಂತೆ ಎರಡು ಸನ್ನೆಗಳು ಕೂಡಿರುವುವು. ಅದು ಕೈಯ ಬಲವನ್ನು 40ರಷ್ಟು ಹೆಚ್ಚಿಸುವುದೆಂದು ಹಿಡಿದರೆ, ಕೈಯಿಂದ ಬೇಕಾದ ಬಲ 21 ಕಿಲೋಗ್ರಾಮಿನಷ್ಟು ಮಾತ್ರ!

ಈಗ ದಪ್ಪವನ್ನು 12 ಮಿಲಿಮೀಟರಿಗೆ ಏರಿಸೋಣ. ಕ್ಷೇತ್ರಫಲವು ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ ದಪ್ಪ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುವುದು. ಅದೇ ಕತ್ತರಿಗೆ ಈಗ 85 ಕಿಲೋಗ್ರಾಂ ಬಲ ಬೇಕು. ತೂಕವೂ ನಾಲ್ಮಡಿಯಾಗುವುದೆಂಬುದನ್ನು ಮರೆಯಬಾರದು. ಒಂದು ಮೀಟರು ಉದ್ದದ ಅಂತಹ ಸರಪಳಿ ಸುಮಾರು 3 ಕಿಲೋಗ್ರಾಂ ತೂಗುವುದು. ದಿನವೂ ಹೊತ್ತು ತಿರುಗುವವರಿಗೆ 10 ಮಿಲಿಮೀಟರಿನ ಸರಪಳಿ ನಡುವಣ ಮಾರ್ಗ. ಪ್ಲಾಸ್ಟಿಕ್ ಹೊದಿಸಿದ ತಂತಿಯ ಹಗ್ಗವು ಎಷ್ಟು ದಪ್ಪವಾಗಿ ಕಂಡರೂ ಒಳಗೆ ತೆಳು ಎಳೆಗಳ ಕಟ್ಟು. ಅವನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸಬಹುದು.

ದಪ್ಪದಷ್ಟೇ ಮುಖ್ಯವಾದುದು ಗಡಸುತನ. ನಮ್ಮ ಕಮ್ಮಾರನು ಕೊಡಲಿಯ ಬಾಯನ್ನು ಕೆಂಪಗೆ ಕಾಯಿಸಿ ತಟ್ಟನೆ ನೀರಿನಲ್ಲಿ ಅದ್ದಿ ಹದ ಕೊಡುವನಷ್ಟೆ. ಒಳ್ಳೆಯ ಸರಪಳಿಯ ಮೇಲ್ಪದರಕ್ಕೆ ಇಂಗಾಲವನ್ನು ಸೇರಿಸಿ, ಇದೇ ರೀತಿ ಕಾಯಿಸಿ ತಣಿಸಿರುವರು. ಹೊರಮೈ ಗಡಸಾಗುವುದು, ಒಳತಿರುಳು ಮೆದುವಾಗಿ ಉಳಿದು ಪೆಟ್ಟಿಗೆ ಒಡೆಯದಿರುವುದು. ಇದನ್ನು ಪರೀಕ್ಷಿಸಲು ಹಳೆಯ ಅರವೊಂದು ಸಾಕು. ಕೊಂಡಿಯ ಮೇಲೆ ಅರ ಉಜ್ಜಿದಾಗ ಕಚ್ಚಿ ಪುಡಿ ಉದುರಿದರೆ ಉಕ್ಕು ಮೆದು, ಜಾರಿದರೆ ಗಡಸು. ಬೀಗದ ಕೊಂಡಿಯೂ ಅಷ್ಟೇ ದಪ್ಪ, ಅಷ್ಟೇ ಗಡಸಾಗಿರಬೇಕು. ಇಲ್ಲದಿದ್ದರೆ ಊರಿಗೆಲ್ಲ ಕೋಟೆ ಕಟ್ಟಿ ದಿಡ್ಡಿಬಾಗಿಲನ್ನು ತೆರೆದಿಟ್ಟಂತಾಗುವುದು.

ಎತ್ತಿಗೆ ಗೂಟ, ವಾಹನಕ್ಕೂ ಗೂಟ

ಚಿಕ್ಕ ಮೋಟಾರುಸೈಕಲ್ಲಿನ ತೂಕ ಸುಮಾರು 110 ಕಿಲೋಗ್ರಾಂ. ಮೂವರು ಗಟ್ಟಿಗರು ಸೇರಿದರೆ ಸರಪಳಿಸಮೇತ ಅದನ್ನು ಎತ್ತಿ ಸರಕಿನ ಗಾಡಿಯಲ್ಲಿ ಇಡಬಲ್ಲರು. ಎತ್ತಿನ ನಾಲ್ಕು ಕಾಲು ಕಟ್ಟಿ ಯಾರೂ ಸುಮ್ಮನೆ ಬಿಡುವುದಿಲ್ಲ, ಗೂಟಕ್ಕೆ ಕಟ್ಟುವರು. ವಾಹನವನ್ನೂ ನೆಲದಲ್ಲಿ ಬೇರೂರಿದ ವಸ್ತುವಿಗೆ ಕಟ್ಟಬೇಕು. ಸರಪಳಿಯು ಹಿಂದಿನ ಗಾಲಿ ಮತ್ತು ಚೌಕಟ್ಟು ಎರಡರ ಮೂಲಕವೂ ಹಾಯಬೇಕು. ಮುಂದಿನ ಗಾಲಿಗೆ ಮಾತ್ರ ಕಟ್ಟಿದರೆ ಗಾಲಿಯೊಂದೇ ಉಳಿಯುವ ಸಂಭವವುಂಟು.

ಸರಪಳಿ ನೆಲಕ್ಕೆ ತಾಗದಂತೆ ಬಿಗಿಯಾಗಿರುವುದು ಲೇಸು. ನೆಲದ ಮೇಲೆ ಬಿದ್ದ ಕೊಂಡಿಗೆ ನೆಲವೇ ಅಡಿಗಲ್ಲಾಗಿ ಸುತ್ತಿಗೆಯ ಪೆಟ್ಟೆಲ್ಲ ಅದಕ್ಕೇ ತಗಲುವುದು. ತೂಗುವ ಕೊಂಡಿಯು ಪೆಟ್ಟಿನೊಡನೆ ಸರಿದು ಆಘಾತವನ್ನು ಕಳೆಯುವುದು.

ಮನೆಯ ಮುಂದೆ ಗೂಟವನ್ನು ನಾವೇ ಮಾಡಿಕೊಳ್ಳಬಹುದು. ಶಹಾಬಾದಿ ಕಲ್ಲಿನ ಹಾಸಿನಲ್ಲಿ ತೂತು ಕೊರೆದು ಬಳೆ ಕೂಡಿಸಿದರೆ ಪ್ರಯೋಜನವಿಲ್ಲ. ಆ ಸುಣ್ಣಗಲ್ಲು ಪದರ ಪದರವಾಗಿ ಏಳುವಂತಹದು. ಒಂದು ಹಾರೆಗೆ ಚಪ್ಪಡಿಯೇ ಮೇಲೇಳುವುದು. ಚಪ್ಪಡಿಯ ಅಡಿಯಲ್ಲಿ 45 ಸೆಂಟಿಮೀಟರು ಉದ್ದ, ಅಗಲ, ಆಳದ ಗುಂಡಿ ತೋಡಿ, ದಪ್ಪ ಸಲಾಕೆಯನ್ನು ಬಳೆಯಂತೆ ಬಗ್ಗಿಸಿ, ಅದರ ಕಾಲುಗಳನ್ನು ಅಗಲಿಸಿ ಕಾಂಕ್ರೀಟಿನಲ್ಲಿ ಹೂಳಬೇಕು. ಅಷ್ಟು ಕಾಂಕ್ರೀಟಿನ ತೂಕವೇ ಸುಮಾರು 220 ಕಿಲೋಗ್ರಾಂ, ಎಂದರೆ ಎರಡು ಮೋಟಾರುಸೈಕಲ್ಲುಗಳಷ್ಟು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ, ಮಣ್ಣಿನ ಹಿಡಿತವನ್ನೊಂದನ್ನೇ ನಂಬದೆ ಈ ತೂಕವನ್ನು ನಂಬುವುದು ಕ್ಷೇಮ.

ವಿದ್ಯುತ್ತಿನ ಕಾವಲು

ಇಂಜಿನ್ನಿನ ಕಿಡಿಗೆ ವಿದ್ಯುತ್ತು ಬೇಕು. ಬ್ಯಾಟರಿಯಿಂದ ಕಿಡಿಯ ಮಂಡಲಕ್ಕೆ ಹೋಗುವ ತಂತಿಯಲ್ಲಿ ಮರೆಯಾದ ಸ್ವಿಚ್ಚೊಂದನ್ನು ಸರಣಿಯಲ್ಲಿ ಜೋಡಿಸಿದರೆ, ಅದು ತೆರೆದಿರುವಾಗ ಕೀಲಿಕೈ ಇದ್ದರೂ ಇಂಜಿನ್ನು ಏಳದು. ಇದು ಅಗ್ಗದ ಉಪಾಯ. ಆದರೆ ಬಲ್ಲ ಮೆಕ್ಯಾನಿಕ್ಕಿನಿಂದಲೇ ಮಾಡಿಸಬೇಕು. ಸಡಿಲವಾದ ಜೋಡಣೆ ನಡುದಾರಿಯಲ್ಲಿ ಕೈಕೊಡುವುದು. 2020ರ ಬಿಎಸ್-6 ನಿಯಮದ ತರುವಾಯ ಬಂದ ವಾಹನಗಳಲ್ಲಿ ಸಾಮಾನ್ಯವಾಗಿ ಇಂಧನವನ್ನು ವಿದ್ಯುನ್ಮಾನ ಸಾಧನವೇ ನಿಯಂತ್ರಿಸುವುದರಿಂದ, ತಂತಿಗೆ ಕೈಹಚ್ಚುವ ಮುನ್ನ ವಾರಂಟಿಯ ಷರತ್ತನ್ನು ಓದತಕ್ಕದ್ದು.

ಅಲುಗಿದೊಡನೆ ಕೂಗುವ ಅಲಾರಮು ಇನ್ನೊಂದು ಸಾಧನ. ಒಂದು ಮೀಟರು ದೂರದಲ್ಲಿ 110 ಡೆಸಿಬೆಲ್ ಇರುವ ಕೂಗು 10 ಮೀಟರಿನಲ್ಲಿ 90ಕ್ಕೆ, 100 ಮೀಟರಿನಲ್ಲಿ 70ಕ್ಕೆ ಇಳಿಯುವುದು. ಕೇಳುವ ಕಿವಿ ಹತ್ತಿರವಿದ್ದರೆ ಮಾತ್ರ ಅದರಿಂದ ಫಲವುಂಟು. ಬ್ಯಾಟರಿಯ ಲೆಕ್ಕವನ್ನೂ ನೋಡಬೇಕು. 4 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಅಲಾರಮು ಸದಾ 5 ಮಿಲಿ ಆಂಪಿಯರ್ ಎಳೆಯುತ್ತಿದ್ದರೆ 800 ಗಂಟೆಗಳಲ್ಲಿ, ಎಂದರೆ ಸುಮಾರು 33 ದಿನಗಳಲ್ಲಿ, ಅದು ಬರಿದಾಗುವುದು. 20 ಮಿಲಿ ಆಂಪಿಯರ್ ಎಳೆದರೆ ಎಂಟೇ ದಿನ! ದುಡಿಮೆಗೆಂದು ಪುಣೆ, ಮುಂಬಯಿಗಳಿಗೆ ಹೋಗುವವರು ಇದನ್ನು ನೆನಪಿನಲ್ಲಿಡಬೇಕು.

ಕಾಲವೂ ವೃತ್ತವೂ

ಇಷ್ಟಾದರೂ ವಾಹನ ಹೋದರೆ? ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಅದು ಅರ್ಧ ಗಂಟೆಯಲ್ಲಿ 20 ಕಿಲೋಮೀಟರು ಸಾಗುವುದು. ಹುಡುಕಬೇಕಾದ ವೃತ್ತದ ಕ್ಷೇತ್ರಫಲ ಸುಮಾರು 1,250 ಚದರ ಕಿಲೋಮೀಟರು. ಎರಡು ಗಂಟೆ ತಡೆದರೆ ಅದು 20,000 ಚದರ ಕಿಲೋಮೀಟರಾಗುವುದು. ಕಾಲ ನಾಲ್ಮಡಿ, ಕ್ಷೇತ್ರ ಹದಿನಾರು ಮಡಿ. ಆಳಂದ, ಅಫಜಲಪುರಗಳಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲವೆಂಬುದನ್ನೂ ಎಣಿಸಿದರೆ, ಕೂಡಲೇ ಪೊಲೀಸರಿಗೆ ದೂರು ಕೊಡುವುದರ ಬೆಲೆ ತಿಳಿಯುವುದು. 2024ರ ಜುಲೈ 1ರಿಂದ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಅನ್ವಯಿಸುವುದು. ಚಾಸಿಸ್ ಸಂಖ್ಯೆ, ಇಂಜಿನ್ ಸಂಖ್ಯೆಗಳನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಎರಡು ಕೀಲಿಕೈಗಳನ್ನೂ ಜೋಪಾನ ಮಾಡಿರಬೇಕು, ಏಕೆಂದರೆ ವಿಮಾ ಕಂಪನಿಗಳು ಅವನ್ನು ಕೇಳುವುದುಂಟು. ಕಾನೂನಿನಂತೆ ಕಡ್ಡಾಯವಾದ ಮೂರನೆಯವರ ವಿಮೆಯಿಂದ ಕಳವಿಗೆ ಪರಿಹಾರ ದೊರೆಯುವುದಿಲ್ಲ. ನಮ್ಮ ವಿದ್ಯಾರ್ಥಿಯ ಮನೆಯವರಿಗೆ ಇದು ತಿಳಿದುದು ಕಳುವಾದ ಮೇಲೆ. ಸಾಲದಲ್ಲಿ ಕೊಂಡ ವಾಹನಕ್ಕೆ ಸಮಗ್ರ ವಿಮೆಯನ್ನು ಇಳಿಸುವುದು ವಿವೇಕ.

ಎಲ್ಲಕ್ಕಿಂತ ಅಗ್ಗವಾದ ಕಾವಲೆಂದರೆ ಮನುಷ್ಯರ ಕಣ್ಣು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಹುಣ್ಣಿಮೆಯ ದಿನ ದತ್ತಾತ್ರೇಯನ ದರ್ಶನಕ್ಕೆ ಹೋದವರು ಜನಜಂಗುಳಿಯ ಅಂಚಿನಲ್ಲಿ ವಾಹನ ನಿಲ್ಲಿಸುವುದಕ್ಕಿಂತ, ಕಾವಲಿರುವ ನಿಲುಗಡೆಗೆ ಕೆಲವು ರೂಪಾಯಿ ತೆರುವುದು ಮೇಲು.

ನಮ್ಮ ವಿದ್ಯಾರ್ಥಿಯ ಊರಿನ ಹುಡುಗರೂ ಇದನ್ನೇ ಮಾಡಿದರು. ಪಂಚಾಯಿತಿಯ ಒಪ್ಪಿಗೆ ಪಡೆದು, ಕೂಡುದಾರಿಯ ಚಹಾದ ಅಂಗಡಿಯ ಎದುರಿಗೆ ದಪ್ಪ ಉಕ್ಕಿನ ಕೊಳವೆಯೊಂದನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿದರು. ಖರ್ಚನ್ನು ಎಲ್ಲರೂ ಹಂಚಿಕೊಂಡರು. ಈಗ ಅಲ್ಲಿನ ಪ್ರತಿ ವಾಹನವೂ ತನ್ನ ಸರಪಳಿಯಿಂದ ಆ ಕೊಳವೆಗೆ ಕಟ್ಟಿರುವುದು. ಅಂಗಡಿಯವರ ಕಣ್ಣು ದಿನವೆಲ್ಲ ಅತ್ತ ಇರುವುದು. ಆ ಹುಡುಗನು ಅಲ್ಲಿಯವರೆಗೆ ನಡೆದು ಬಂದು ಬಸ್ಸು ಹತ್ತುವನು. ಅವನ ತಂದೆ ಇನ್ನೂ ಕಂತು ತೆರುತ್ತಿದ್ದಾರೆ. ಆದರೆ ಕೊಳವೆಯ ಬುನಾದಿಗೆ ಗುಂಡಿಯ ಅಳತೆಯನ್ನು ಲೆಕ್ಕಮಾಡಿ ಕೊಟ್ಟವನು ಅವನೇ.