ಆನ್‌ಲೈನ್ ತರಬೇತಿ ಎಲ್ಲರಿಗೂ ತಲುಪಬೇಕಾದರೆ

ಇಂದು ಮನೆಯಲ್ಲಿ ಕುಳಿತೇ ಕಲಿಯುವ ಸೌಲಭ್ಯವಿದೆ. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ 2017ರಲ್ಲಿ ಆರಂಭವಾಯಿತು. ಈಗ ಶಿಕ್ಷಕರು, ಸಂಘ-ಸಂಸ್ಥೆಗಳು ತಾವೇ ಕೋರ್ಸ್‌ಗಳನ್ನು ಸಿದ್ಧಪಡಿಸುತ್ತಿದ್ದಾರೆ. ಆದರೆ ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಲಾಗದವರು ಆ ಕೋರ್ಸನ್ನು ಮುಗಿಸಬಲ್ಲರೇ? 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ. ವಯಸ್ಸಾಗಿ ದೃಷ್ಟಿ ಮಂದವಾದ ಹಿರಿಯರು ನಮ್ಮೆಲ್ಲರ ಮನೆಗಳಲ್ಲೂ ಇದ್ದಾರೆ.

ಈ ವಿಷಯದಲ್ಲಿ ಜಗತ್ತೇ ಒಪ್ಪಿದ ಮಾರ್ಗಸೂಚಿ ಡಬ್ಲ್ಯುಸಿಎಜಿ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1999ರಲ್ಲಿ ಇದನ್ನು ಮೊದಲು ಪ್ರಕಟಿಸಿತು. 2.2 ಆವೃತ್ತಿ 2023ರಲ್ಲಿ ಬಂದಿತು. ಇದರ ತಿರುಳು ನಾಲ್ಕು ಮಾತು: ಪುಟದಲ್ಲಿರುವುದು ಗ್ರಹಿಕೆಗೆ ಸಿಗಬೇಕು, ಬಳಸಲು ಬರಬೇಕು, ಅರ್ಥವಾಗಬೇಕು, ಬೇರೆ ಬೇರೆ ಉಪಕರಣಗಳಲ್ಲಿ ಸರಿಯಾಗಿ ನಡೆಯಬೇಕು.

ಕಣ್ಣು ಕಾಣದವರಿಗೆ

ದೃಷ್ಟಿಹೀನರು ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುತ್ತಾರೆ. ಎನ್‌ವಿಡಿಎ ಎಂಬುದು ಉಚಿತವಾಗಿ ಸಿಗುತ್ತದೆ. ಅದು ಪರದೆಯ ಅಕ್ಷರಗಳನ್ನು ಓದಿ ಹೇಳುತ್ತದೆ, ಚಿತ್ರವನ್ನು ತಾನಾಗಿ ವಿವರಿಸುವುದಿಲ್ಲ. ಆದ್ದರಿಂದ ಪ್ರತಿ ಚಿತ್ರ, ನಕ್ಷೆಗೂ ಅದರಲ್ಲಿ ಏನಿದೆ ಎಂದು ಹೇಳುವ ಪರ್ಯಾಯ ಪಠ್ಯ ಸೇರಿಸಬೇಕು. ಶೀರ್ಷಿಕೆಗಳನ್ನು ದಪ್ಪಕ್ಷರದಲ್ಲಿ ಬರೆದರೆ ಸಾಲದು. ಎಚ್‌ಟಿಎಂಎಲ್‌ನಲ್ಲಿ ‘ಹೆಡಿಂಗ್’ ಎಂದೇ ಗುರುತಿಸಿದರೆ ಕಲಿಯುವವರು ಒಂದು ಪಾಠದಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಬಲ್ಲರು.

ಕನ್ನಡದಲ್ಲಿ ಇನ್ನೂ ಮೂರು ತೊಡಕುಗಳಿವೆ. ಮೊದಲನೆಯದು ಹಳೆಯ ಫಾಂಟುಗಳು. ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ತಂತ್ರಾಂಶ ಅವನ್ನೇ ಓದುವುದರಿಂದ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಎರಡನೆಯದು ಸ್ಕ್ಯಾನ್ ಮಾಡಿದ ಪಿಡಿಎಫ್. ಅದು ಪುಟದ ಫೋಟೋ ಮಾತ್ರ. ಮೂರನೆಯದು, ಪುಟದ ಭಾಷೆ ಇಂಗ್ಲಿಷ್ ಎಂದೇ ನಮೂದಾಗಿರುವುದು. ಅದನ್ನು ಕನ್ನಡ ಎಂದು ಬದಲಿಸಿದರೆ ತಂತ್ರಾಂಶಕ್ಕೆ ಕನ್ನಡ ಧ್ವನಿ ಆಯ್ದುಕೊಳ್ಳಲು ಆಗುತ್ತದೆ.

ವಿಡಿಯೊ ಪಾಠಗಳಲ್ಲಿ

ಕಿವಿ ಕೇಳದವರಿಗೆ ಮಾತುಗಳು ಅಕ್ಷರದಲ್ಲಿ ಬರಬೇಕು. ಯಂತ್ರವೇ ತಯಾರಿಸಿದ ಸಬ್‌ಟೈಟಲ್‌ಗಳಲ್ಲಿ ಹೆಸರು, ಅಂಕಿಗಳು ತಪ್ಪಾಗಬಹುದು. ಒಮ್ಮೆ ಓದಿ ತಿದ್ದಿಯೇ ಹಾಕಬೇಕು. ಶಿಕ್ಷಕರು “ಇಲ್ಲಿ ನೋಡಿ, ಇದನ್ನು ಒತ್ತಿ” ಎಂದರೆ ಕಾಣದವರಿಗೆ ಯಾವುದು ಎಂದು ತಿಳಿಯದು. “ಮೇಲೆ ಬಲಗಡೆಯ ‘ಉಳಿಸಿ’ ಗುಂಡಿ ಒತ್ತಿ” ಎಂದರೆ ಎಲ್ಲರಿಗೂ ಅನುಕೂಲ. ಇದಕ್ಕೆ ಖರ್ಚೇನೂ ಇಲ್ಲ.

ಪರೀಕ್ಷೆಯಲ್ಲಿ

ಪಾಠವೆಲ್ಲ ಕೇಳಿಯೂ ಪರೀಕ್ಷೆಯಲ್ಲಿ ಸೋತು ಪ್ರಮಾಣಪತ್ರ ಕೈತಪ್ಪಬಹುದು. ಕಾರಣ ಅಜ್ಞಾನವಲ್ಲ, ಪುಟದ ರಚನೆ. ಉತ್ತರವನ್ನು ಮೌಸ್‌ನಿಂದ ಎಳೆದು ಜೋಡಿಸುವ ಪ್ರಶ್ನೆಗೆ ಕೀಲಿಮಣೆಯಿಂದಲೂ ಉತ್ತರಿಸುವ ದಾರಿ ಬೇಕು. ಸರಿ-ತಪ್ಪನ್ನು ಹಸಿರು, ಕೆಂಪು ಬಣ್ಣದಲ್ಲಷ್ಟೇ ತೋರಿಸದೆ ಅಕ್ಷರದಲ್ಲೂ ಬರೆಯಬೇಕು. ಕೇಳಿಸಿಕೊಂಡು ಉತ್ತರಿಸುವವರಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಆದ್ದರಿಂದ ಸಮಯ ವಿಸ್ತರಿಸುವ ವ್ಯವಸ್ಥೆ ಇರಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಹಿರಿಯರಿಗೆ ಕಾಣಿಸುವುದೇ ಇಲ್ಲ.

ಕಾನೂನು ಏನು ಹೇಳುತ್ತದೆ?

ಅಂಗವಿಕಲರ ಹಕ್ಕುಗಳ ಅಧಿನಿಯಮ 2016 ಮಾಹಿತಿ-ಸಂವಹನ ತಂತ್ರಜ್ಞಾನವೂ ಸುಗಮವಾಗಿರಬೇಕೆಂದು ಹೇಳುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದು ತೀರ್ಪು ನೀಡಿತು. ಆದ್ದರಿಂದ ಇದನ್ನು ದಯೆಯಿಂದ ಕೊಡುವ ಅನುಕೂಲ ಎಂದು ತಿಳಿಯಬಾರದು.

ನೀವೇ ಪರೀಕ್ಷಿಸಿ

ಕೋರ್ಸ್ ಪ್ರಕಟಿಸುವ ಮೊದಲು ಮೂರು ಕೆಲಸ ಮಾಡಿ. ಮೌಸ್ ತೆಗೆದಿಟ್ಟು, ಟ್ಯಾಬ್ ಮತ್ತು ಎಂಟರ್ ಕೀಲಿಗಳಿಂದಲೇ ಒಂದು ಪಾಠ ಮುಗಿಸಿ. ಧ್ವನಿ ನಿಲ್ಲಿಸಿ ವಿಡಿಯೊ ನೋಡಿ. ಕಣ್ಣು ಮುಚ್ಚಿ ಸ್ಕ್ರೀನ್ ರೀಡರ್‌ನಲ್ಲಿ ಒಂದು ಪ್ರಶ್ನೆಗೆ ಉತ್ತರಿಸಿ. ನೀವು ಎಲ್ಲಿ ನಿಂತಿರೋ, ಕಲಿಯಲು ಬಂದವರೂ ಅಲ್ಲಿಯೇ ನಿಲ್ಲುತ್ತಾರೆ. ಮೊದಲು ತಿದ್ದಬೇಕಾದ ಜಾಗವೂ ಅದೇ.