ಯಕೃತ್ತಿನ ರೋಗ, ಮನಸ್ಸಿನ ಮಬ್ಬು

ಇಳಕಲ್ ಸೀರೆಯ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕುಣಿಕೆ ಕುಣಿಕೆಯಾಗಿ ಜೋಡಿಸುತ್ತಾರೆ. ಈ ಕೆಲಸಕ್ಕೆ ಕೈಚಳಕದೊಡನೆ ಎಡೆಬಿಡದ ಗಮನವೂ ಬೇಕು. ಅಂಥ ನೇಕಾರನೊಬ್ಬನು ಎಳೆಗಳ ಲೆಕ್ಕವನ್ನು ಪದೇ ಪದೇ ತಪ್ಪುತ್ತಾನೆ, ಬೇಗ ದಣಿಯುತ್ತಾನೆ, ಮಂಕಾಗಿ ಕುಳಿತಿರುತ್ತಾನೆ ಎಂದು ಊಹಿಸೋಣ. ಮನೆಯವರು ಸೋಮಾರಿತನವೆಂದಾರು, ನೆರೆಯವರು ಚಿಂತೆಯೆಂದಾರು. ಇದರ ಮೂಲ ಯಕೃತ್ತಿನಲ್ಲಿರಬಹುದೆಂದು ಯಾರಿಗೂ ತೋಚದು.

ಹೆಪಟೈಟಿಸ್ ಸಿ ರಕ್ತದ ಮೂಲಕ ಹರಡುವ ವೈರಸ್ ರೋಗ. ಶುದ್ಧಗೊಳಿಸದ ಸೂಜಿ, ಪರೀಕ್ಷಿಸದ ರಕ್ತ ಇವು ಅದರ ಮುಖ್ಯ ವಾಹನಗಳು. ಜೊತೆಯಲ್ಲಿ ಕುಳಿತು ಉಂಡರೆ ಅದು ಅಂಟದು. 1989ರಲ್ಲಿ ಈ ವೈರಸ್ಸನ್ನು ಗುರುತಿಸಲಾಯಿತು. ಇದನ್ನು ಕುರಿತ ಸಂಶೋಧನೆಗಾಗಿ ಹಾರ್ವಿ ಆಲ್ಟರ್, ಮೈಕೇಲ್ ಹೌಟನ್, ಚಾರ್ಲ್ಸ್ ರೈಸ್ ಎಂಬ ಮೂವರು 2020ರ ನೊಬೆಲ್ ಪಾರಿತೋಷಕವನ್ನು ಪಡೆದರು.

ಯಕೃತ್ತಿನ ರೋಗ ಮಿದುಳನ್ನು ಮುಟ್ಟುವುದೆಂತು? ಯಕೃತ್ತು ಗಂಟುಗಟ್ಟಿ ಬಿರುಸಾದಾಗ ರಕ್ತದಲ್ಲಿನ ಅಮೋನಿಯವನ್ನು ಅದು ತೆಗೆದುಹಾಕಲಾರದು. ಆ ವಿಷವು ಮಿದುಳನ್ನು ಸೇರಿ ಎಚ್ಚರವನ್ನೇ ಮಬ್ಬುಗೊಳಿಸುತ್ತದೆ. ಯಕೃತ್ತು ಅಷ್ಟು ಕೆಡದ ರೋಗಿಗಳಲ್ಲಿಯೂ ಗಮನ ಮತ್ತು ನೆನಪಿನ ಶಕ್ತಿ ಕುಂದುವುದುಂಟು. ವೈರಸ್ಸಿನೊಡನೆ ಸೆಣಸುವಾಗ ದೇಹವು ಸ್ರವಿಸುವ ಸೈಟೊಕೈನ್‌ಗಳೆಂಬ ದ್ರವ್ಯಗಳು ಮಿದುಳಿನ ಮೇಲೂ ಪರಿಣಾಮ ಮಾಡುವುದು ಇದಕ್ಕೊಂದು ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಜ್ವರ ಬಂದಾಗ ಪಾಠ ತಲೆಗೆ ಹತ್ತದೆಂಬುದನ್ನು ವಿದ್ಯಾರ್ಥಿಗಳೆಲ್ಲ ಬಲ್ಲರು. ಇದೂ ಹೆಚ್ಚುಕಡಮೆ ಅಂಥದೇ. ಆದರೆ ವರ್ಷಗಟ್ಟಲೆ ನಿಲ್ಲುವಂಥದು.

ವಿಚಿತ್ರವೆಂದರೆ, ಹಿಂದೆ ಔಷಧವೇ ಮನಸ್ಸಿಗೆ ಮುಳುವಾಗುತ್ತಿತ್ತು. 1990ರ ದಶಕದಿಂದ ಬಳಕೆಗೆ ಬಂದ ಇಂಟರ್‌ಫೆರಾನ್ ಚುಚ್ಚುಮದ್ದನ್ನು ಬಹುಮಟ್ಟಿಗೆ 24 ಅಥವಾ 48 ವಾರ ಕೊಡಬೇಕಾಗುತ್ತಿತ್ತು. ಅದು ತಾನೇ ಒಂದು ಸೈಟೊಕೈನ್. ಮನಸ್ಸಿನ ಸಮಸ್ಥಿತಿಗೆ ಬೇಕಾದ ಸೆರೊಟೊನಿನ್ ಎಂಬ ದ್ರವ್ಯವು ಟ್ರಿಪ್ಟೊಫ್ಯಾನಿನಿಂದ ತಯಾರಾಗುತ್ತದೆ. ಇಂಟರ್‌ಫೆರಾನ್ ಆ ಕಚ್ಚಾ ವಸ್ತುವನ್ನೇ ಬೇರೆ ದಾರಿಗೆ ತಿರುಗಿಸುತ್ತದೆ. ಈ ಚಿಕಿತ್ಸೆ ಪಡೆದವರಲ್ಲಿ ಸುಮಾರು ನಾಲ್ವರಿಗೊಬ್ಬರು ಖಿನ್ನತೆಗೆ ಒಳಗಾಗುತ್ತಿದ್ದರು. 2013ರಲ್ಲಿ ಬಂದ ಸೊಫೊಸ್‌ಬುವಿರ್ ಮುಂತಾದ ಮಾತ್ರೆಗಳು ವೈರಸ್ಸಿನ ವೃದ್ಧಿಯನ್ನು ನೇರವಾಗಿ ತಡೆಯುತ್ತವೆ. ಸಾಮಾನ್ಯವಾಗಿ 12 ವಾರಗಳ ಚಿಕಿತ್ಸೆಯಿಂದ ನೂರಕ್ಕೆ 95 ಮಂದಿಯಷ್ಟು ಗುಣ ಹೊಂದುತ್ತಾರೆ; ಖಿನ್ನತೆಯ ಭಯವೂ ಬಹಳ ಕಡಮೆ.

ವೈರಸ್ ತೊಲಗಿದೊಡನೆ ಮನಸ್ಸೂ ತಿಳಿಯಾಗುವುದೆ? ಅನೇಕರಲ್ಲಿ ದಣಿವು ಇಳಿಯುತ್ತದೆ, ಗಮನ ಸುಧಾರಿಸುತ್ತದೆ. ಕೆಲವರಲ್ಲಿ ಮಬ್ಬು ಉಳಿಯುತ್ತದೆ. ಗುಣವಾದ ಮೇಲೂ ಪ್ರತಿಕಾಯ ಪರೀಕ್ಷೆಯು ಹಳೆಯ ಸೋಂಕಿನ ಗುರುತನ್ನು ತೋರಿಸುತ್ತಲೇ ಇರುತ್ತದೆ. ಅದನ್ನು ಕಂಡು ಎದೆಗುಂದಬೇಕಾಗಿಲ್ಲ. ವೈರಸ್ ಉಂಟೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ಆರ್‌ಎನ್‌ಎ ಪರೀಕ್ಷೆ.

2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಬಾದಾಮಿ, ಹುನಗುಂದ, ಇಳಕಲ್ ಕಡೆಯವರು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ಇದನ್ನು ವಿಚಾರಿಸಬಹುದು. ಮನಸ್ಸಿನ ಬೇಗುದಿಯನ್ನು ಹೇಳಿಕೊಳ್ಳಲು 2022ರಿಂದ ಟೆಲಿ ಮಾನಸ್ ದೂರವಾಣಿ, 14416, ಇದೆ. ಮರೆವನ್ನೂ ಬೇಸರವನ್ನೂ ರೋಗಿಯು ಹೊಟ್ಟೆನೋವನ್ನು ಹೇಳುವಷ್ಟೇ ನಿಸ್ಸಂಕೋಚವಾಗಿ ವೈದ್ಯರಿಗೆ ಹೇಳಬೇಕು; ಮನೆಯವರು ಅದನ್ನು ಸೋಮಾರಿತನವೆಂದು ಹಳಿಯಬಾರದು.