ಬೇಸ್ ಗಿಟಾರ್‌ಗೆ ಎಷ್ಟು ದೊಡ್ಡ ಬಾಕ್ಸ್?

ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ನುಡಿಸುವವರು ನಿಮ್ಮಲ್ಲೂ ಇದ್ದೀರಿ. ಸ್ಪೀಕರ್ ಬಾಕ್ಸ್ ಕೊಳ್ಳಲು ಹೊರಟರೆ '15 ಇಂಚಿನದೇ ತಗೊಳ್ಳಿ, 10 ಇಂಚಿನದರಲ್ಲಿ ಬೇಸ್ ಬರೋಲ್ಲ' ಎನ್ನುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿ. ಸ್ಪೀಕರಿನ ಹರವು ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 15ರ ವರ್ಗ 225. 10ರ ವರ್ಗ 100, ನಾಲ್ಕು ಸೇರಿದರೆ 400! ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಸ್. ಅದು ತುಂಬಿ ಬರುವುದಕ್ಕೆ ಬಾಕ್ಸಿನ ಒಳಜಾಗ, ಗಾಳಿಕಿಂಡಿಗಳೂ ಕಾರಣ. ಇಂಚು ಒಂದೇ ಅಲ್ಲ.

1969ರಲ್ಲಿ ಆಂಪೆಗ್ ಕಂಪನಿ ತಂದ, 10 ಇಂಚಿನ ಎಂಟು ಸ್ಪೀಕರುಗಳ ಬಾಕ್ಸ್ ಇಂದಿಗೂ ಆಸೆ ಹುಟ್ಟಿಸುತ್ತದೆ, ನಿಜ. ಆದರೆ 60 ಕಿಲೋ ದಾಟುವ ಅದನ್ನು ಡೊಂಬಿವಲಿಯ ಮೂರನೇ ಮಹಡಿಯಿಂದ ಇಳಿಸುವವರು ಯಾರು?

ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಂಗಣದಂಥ ಕಡೆ 10 ಇಂಚಿನ ಎರಡು ಸ್ಪೀಕರಿರುವ ಒಂದು ಬಾಕ್ಸ್ ಸಾಕು. ಕುರ್ಲಾದ ಬಂಟರ ಭವನವಾದರೆ ಅಂಥದೇ ಇನ್ನೊಂದನ್ನು ಮೇಲಿಡಿ. ಅಲ್ಲಿ ಸಭಿಕರಿಗೆ ಹೇಗೂ ಸೌಂಡ್‌ನವರ ಮಿಕ್ಸರ್ ಮೂಲಕವೇ ಕೇಳಿಸಬೇಕು. ನಿಮ್ಮ ಬಾಕ್ಸ್ ವೇದಿಕೆಯವರಿಗಾಗಿ.

ಒಂದು ಎಚ್ಚರಿಕೆ: 8 ಓಮ್‌ನ ಎರಡು ಬಾಕ್ಸ್ ಜೋಡಿಸಿದರೆ ಆಂಪ್ಲಿಫೈಯರ್‌ಗೆ ಬೀಳುವುದು 4 ಓಮ್. ಅದರ ಹಿಂಬದಿಯಲ್ಲಿ ಕನಿಷ್ಠ 8 ಎಂದು ಬರೆದಿದ್ದರೆ ಎರಡನೆಯದನ್ನು ಸಿಕ್ಕಿಸಲೇಬೇಡಿ. ಹಾಡಿನ ನಡುವೆ ಆಂಪ್ಲಿಫೈಯರ್ ಸುಟ್ಟುಹೋದೀತು.